ಕುರುಹಿನ ಗಣಿತ, ಅರಿವಿನ ಗಣಿತ

ಕುರುಹು ಬೇರೆ, ಅರಿವು ಬೇರೆ. ಕುರುಹು ಅರಿವಿಗೆ ದಾರಿಯಾಗಬೇಕೇ ಹೊರತು ಅರಿವಿನ ಪೀಠದಲ್ಲಿ ತಾನೇ ಕುಳಿತುಕೊಳ್ಳಬಾರದು. ಹನ್ನೆರಡನೆಯ ಶತಮಾನದ ಶರಣರು ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಇದೊಂದು. ಈ ಪಾಠವನ್ನು ಪೂಜೆಯ ಮನೆಯಲ್ಲಿ ಒಪ್ಪಿಕೊಂಡ ನಾವು ಪಾಠಶಾಲೆಯಲ್ಲಿ ಮರೆತುಬಿಟ್ಟಿದ್ದೇವೆ ಎಂಬುದೇ ಈ ಲೇಖನದ ದೂರು.

ದ್ವಿತೀಯ ಪಿ.ಯು.ಸಿ.ಯ ಗಣಿತದಲ್ಲಿ ಅನುಕಲನವೆಂಬ ಅಧ್ಯಾಯವಿದೆ. ಮಕ್ಕಳ ಬಾಯಲ್ಲಿ ಅದು ಇಂಟಿಗ್ರೇಶನ್. ಧರ್ಮಪತ್ರಿಕೆಯಲ್ಲಿ ಕಲನಶಾಸ್ತ್ರದ ಮಾತೇಕೆ ಎಂದು ಕೆಲವರು ಕೇಳಿಯಾರು. ಮಠಗಳು ಅನ್ನದೊಡನೆ ಅಕ್ಷರದ ಹೊಣೆಯನ್ನೂ ಹೊತ್ತ ದಿನದಿಂದಲೇ ಈ ಪ್ರಶ್ನೆಗೆ ಎಡೆಯಿಲ್ಲವಾಯಿತು. ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ತಾರುಣ್ಯದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಮತ್ತು ಗಣಿತಗಳನ್ನು ಐಚ್ಛಿಕ ವಿಷಯಗಳಾಗಿ ಓದಿದವರು. ೧೯೩೦ರಲ್ಲಿ ಮಠದ ಹೊಣೆ ಹೆಗಲಿಗೇರಿದ್ದರಿಂದ ಪದವಿ ಕೈತಪ್ಪಿತು, ಗಣಿತದ ಮೇಲಣ ಗೌರವ ತಪ್ಪಲಿಲ್ಲ. ಅಂಥವರ ಪರಂಪರೆಗೆ ಸೇರಿದವರು ಗಣಿತವನ್ನು ಲೌಕಿಕವೆಂದು ಬದಿಗೆ ಸರಿಸುವಂತಿಲ್ಲ.

ಇಂದು ಅನುಕಲನವನ್ನು ಕಲಿಸುವ ಬಗೆ ಹೇಗಿದೆ? ಮೊದಲ ದಿನವೇ ಸೂತ್ರಗಳ ಪಟ್ಟಿಯೊಂದನ್ನು ಹಂಚಲಾಗುತ್ತದೆ. ಮಗು ಅದನ್ನು ಬಾಯಿಪಾಠ ಮಾಡುತ್ತದೆ. ಬಳಿಕ ಹಿಂದಿನ ವರ್ಷಗಳ ಪ್ರಶ್ನೆಗಳು, ಅವುಗಳಿಗೆ ಸಿದ್ಧ ಉತ್ತರಗಳು, ಕೊನೆಗೆ ಅಡ್ಡದಾರಿಗಳು. ತಾನು ಏನನ್ನು ಮಾಡುತ್ತಿದ್ದೇನೆ ಎಂಬುದನ್ನು ಒಮ್ಮೆಯೂ ಅರಿಯದೆ ಮಗು ಆ ಅಧ್ಯಾಯವನ್ನು ದಾಟಿಬಿಡುತ್ತದೆ. ಊರೂರಿನ ಫಲಕಗಳ ಮೇಲೆ ‘ಇಂಟಿಗ್ರೇಟೆಡ್ ಕೋಚಿಂಗ್’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆದಿರುತ್ತದೆ. ಇಂಟಿಗ್ರೇಶನ್ ಎಂದರೇನೆಂದು ಒಳಗೆ ಕುಳಿತ ಮಗುವನ್ನು ಕೇಳಿದರೆ ಸೂತ್ರವೊಂದನ್ನು ಒಪ್ಪಿಸೀತೇ ವಿನಾ ಅರ್ಥವನ್ನು ಹೇಳಲಾರದು. ಇದು ಕುರುಹಿನ ಗಣಿತ.

ಆ ಚಿಹ್ನೆಯ ಹುಟ್ಟೇ ಅದರ ಅರ್ಥವನ್ನು ಸಾರುತ್ತದೆ. ೧೬೭೫ರ ಅಕ್ಟೋಬರಿನಲ್ಲಿ ಲೈಬ್ನಿಟ್ಸ್ ಎಂಬ ಜರ್ಮನ್ ವಿದ್ವಾಂಸನು ಲ್ಯಾಟಿನ್ ಭಾಷೆಯಲ್ಲಿ ಮೊತ್ತವೆಂಬ ಅರ್ಥದ ‘ಸುಮ್ಮ’ ಶಬ್ದದ ಮೊದಲ ಅಕ್ಷರವನ್ನು ಉದ್ದಕ್ಕೆ ಎಳೆದು ಈ ಚಿಹ್ನೆಯನ್ನು ಬರೆದನು. ಎಂದರೆ ಅನುಕಲನವು ಮೂಲತಃ ಕೂಡುವ ಕಾಯಕ. ನೀರೆತ್ತುವ ಪಂಪೊಂದನ್ನು ತೆಗೆದುಕೊಳ್ಳಿ. ಅದರ ವೇಗ ಸೊನ್ನೆಯಿಂದ ಆರಂಭವಾಗಿ, ಒಂದು ನಿಮಿಷದ ಹೊತ್ತಿಗೆ ನಿಮಿಷಕ್ಕೆ ೨ ಲೀಟರು, ಎರಡು ನಿಮಿಷದ ಹೊತ್ತಿಗೆ ೪ ಲೀಟರು, ಹೀಗೆ ಒಂದೇ ಸಮನೆ ಏರುತ್ತಿದೆಯೆನ್ನೋಣ. ಹತ್ತು ನಿಮಿಷಗಳಲ್ಲಿ ಬಂದ ನೀರೆಷ್ಟು? ಪ್ರತಿ ನಿಮಿಷದ ಆರಂಭದ ವೇಗವನ್ನೇ ಹಿಡಿದು ಕೂಡಿದರೆ ೯೦ ಲೀಟರು. ಅಂತ್ಯದ ವೇಗವನ್ನು ಹಿಡಿದರೆ ೧೧೦. ನಿಜವು ಇವೆರಡರ ನಡುವೆ ಇದೆ. ಅರ್ಧರ್ಧ ನಿಮಿಷಕ್ಕೆ ಕತ್ತರಿಸಿ ಕೂಡಿದರೆ ೯೫ ಮತ್ತು ೧೦೫. ತುಂಡುಗಳು ಕಿರಿದಾದಂತೆ ಎರಡು ಎಣಿಕೆಗಳೂ ೧೦೦ರ ಕಡೆಗೆ ಸರಿಯುತ್ತವೆ. ಆ ೧೦೦ ಲೀಟರೇ ಅನುಕಲನ. ಕೂಡುವುದನ್ನೂ ಗುಣಿಸುವುದನ್ನೂ ಬಲ್ಲ ಯಾವ ಒಕ್ಕಲುಮಗನಿಗೆ ಇದು ತಿಳಿಯಲಾರದು?

ಆದರೆ ೨೦೨೨ರಲ್ಲಿ ಎನ್.ಸಿ.ಇ.ಆರ್.ಟಿ.ಯು ಪಠ್ಯಭಾರವನ್ನು ಇಳಿಸುವುದಾಗಿ ಹೇಳಿ ಹನ್ನೆರಡನೆಯ ತರಗತಿಯ ಗಣಿತದಿಂದ ತೆಗೆದುಹಾಕಿದ ಭಾಗಗಳಲ್ಲಿ, ನಿಶ್ಚಿತ ಅನುಕಲನವನ್ನು ಮೊತ್ತದ ಮಿತಿಯಾಗಿ ವಿವರಿಸುವ ಭಾಗವೂ ಸೇರಿದೆ. ನಮ್ಮ ರಾಜ್ಯದ ಪದವಿಪೂರ್ವ ವಿಜ್ಞಾನ ತರಗತಿಗಳಿಗೆ ಆ ಸಂಸ್ಥೆಯ ಪಠ್ಯವೇ ಆಧಾರ. ಭಾರವೆಂದು ಇಳಿಸಿದ್ದು ಏನನ್ನು? ಅರ್ಥವನ್ನು! ಉಳಿಸಿದ್ದು ಏನನ್ನು? ಸೂತ್ರಗಳನ್ನು. ಹೊರೆ ಹೊತ್ತವನ ಬುತ್ತಿಯನ್ನು ಕಿತ್ತುಕೊಂಡು ಹೊರೆಯನ್ನು ಅವನ ತಲೆಯ ಮೇಲೆಯೇ ಬಿಟ್ಟಂತಾಯಿತು.

ಸೂತ್ರಪಾಠದ ಪರವಾಗಿ ಎರಡು ವಾದಗಳನ್ನು ಹೂಡುತ್ತಾರೆ. ಮೊದಲನೆಯದು ಕಾಲಾಭಾವ. ಸಿ.ಇ.ಟಿ.ಯ ಗಣಿತದಲ್ಲಿ ೬೦ ಪ್ರಶ್ನೆಗಳಿಗೆ ೮೦ ನಿಮಿಷ, ಪ್ರಶ್ನೆಯೊಂದಕ್ಕೆ ೮೦ ಸೆಕೆಂಡು. ಅರ್ಥವನ್ನು ಯೋಚಿಸುತ್ತ ಕುಳಿತರೆ ಹೊತ್ತು ಮೀರದೆ? ಈ ವಾದದಲ್ಲಿ ಒಂದಷ್ಟು ನಿಜವಿದೆ. ವೇಗ ಬೇಕು. ಆದರೆ ವೇಗವು ಅರಿವಿನ ಕೂಸು, ಅದರ ವೈರಿಯಲ್ಲ. ಒಂದು ಪ್ರಸಿದ್ಧ ಪ್ರಶ್ನೆಯನ್ನು ನೋಡಿ: ಸೈನ್ ಎಕ್ಸ್ ಅನ್ನು, ಸೈನ್ ಎಕ್ಸ್ ಮತ್ತು ಕೊಸೈನ್ ಎಕ್ಸ್‌ಗಳ ಮೊತ್ತದಿಂದ ಭಾಗಿಸಿ, ಸೊನ್ನೆಯಿಂದ ಪೈ/೨ರವರೆಗೆ ಅನುಕಲಿಸಬೇಕು. ಈ ಮಾದರಿಗೆ ಉತ್ತರ ಪೈ/೪ ಎಂದು ಬಾಯಿಪಾಠ ಮಾಡಿಸಿರುತ್ತಾರೆ. ಅದೇ ಪ್ರಶ್ನೆಯ ಎಲ್ಲೆಗಳನ್ನು ಪೈ/೬ ಮತ್ತು ಪೈ/೩ ಎಂದು ಬದಲಿಸಿದರೆ? ಬಾಯಿಪಾಠದ ಮಗು ಪೈ/೪ ಎಂದೇ ಗುರುತು ಹಾಕಿ ಅಂಕ ಕಳೆದುಕೊಳ್ಳುತ್ತದೆ. ಅರಿತ ಮಗುವಾದರೋ, ಎಕ್ಸ್‌ನ ಎಡೆಯಲ್ಲಿ ಎಲ್ಲೆಗಳ ಮೊತ್ತದಿಂದ ಎಕ್ಸ್ ಕಳೆದದ್ದನ್ನು ಇಟ್ಟರೆ ಸೈನ್ ಕೊಸೈನ್‌ಗಳು ಅದಲುಬದಲಾಗುತ್ತವೆ, ಎರಡೂ ರೂಪಗಳನ್ನು ಕೂಡಿದರೆ ಒಂದು ಬರುತ್ತದೆ, ಆದುದರಿಂದ ಉತ್ತರವು ಎಲ್ಲೆಗಳ ಅಂತರದ ಅರ್ಧ, ಎಂದರೆ ಪೈ/೧೨ ಎಂದು ಅರೆನಿಮಿಷದಲ್ಲಿ ಬರೆಯುತ್ತದೆ. ಯಾರು ವೇಗಿ? ಯಾರಿಗೆ ಅಂಕ?

ಎರಡನೆಯ ವಾದವು ಮೊದಲನೆಯದಕ್ಕಿಂತ ಹೇಯವಾದುದು. ‘ಇವರು ಹಳ್ಳಿಯ ಮಕ್ಕಳು, ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರು, ಇವರಿಗೆ ತತ್ತ್ವ ಹತ್ತದು, ಸೂತ್ರ ಕೊಟ್ಟರೆ ಸಾಕು’ ಎಂಬುದು ಆ ವಾದ. ಶರಣಬಂಧುಗಳೇ, ಈ ಧ್ವನಿಯನ್ನು ನಾವು ಎಲ್ಲಿಯೋ ಕೇಳಿದಂತಿಲ್ಲವೆ? ಕೆಲವರಿಗೆ ಅರ್ಥ, ಮಿಕ್ಕವರಿಗೆ ಆಚಾರ ಎಂಬ ಹಳೆಯ ಕಟ್ಟಳೆಯೇ ಇದು. ಆ ಕಟ್ಟಳೆಯನ್ನು ಮುರಿದು, ಅನುಭಾವವನ್ನು ಜನರ ನುಡಿಯಲ್ಲಿ ಆಡಿ ತೋರಿಸಿದ್ದರಿಂದಲೇ ನಾವು ಬಸವಣ್ಣನವರ ಹೆಸರು ಹೇಳುತ್ತಿದ್ದೇವೆ. ಅದೇ ಕಟ್ಟಳೆ ನಮ್ಮ ಪ್ರಸಾದ ನಿಲಯಗಳ ಮಕ್ಕಳ ಮೇಲೆ ಗಣಿತದ ಹೆಸರಿನಲ್ಲಿ ಮರಳಿ ಬಂದರೆ ನಾವು ಕೈಕಟ್ಟಿ ಕೂರುವುದೆ?

ಗಣಿತದ ಚರಿತ್ರೆಯೂ ಈ ವಾದವನ್ನು ಸುಳ್ಳಾಗಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿದನು. ಅದೇ ಶತಮಾನದ ಭಾಸ್ಕರಾಚಾರ್ಯರು ಗೋಳದ ಮೇಲ್ಮೈಯನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿ, ಕೂಡಿ, ಅದರ ಅಳತೆಯನ್ನು ಸಾಧಿಸಿದರು. ಕೇರಳದ ಮಾಧವನ ಶಿಷ್ಯಪರಂಪರೆಗೆ ಸೇರಿದ ಜ್ಯೇಷ್ಠದೇವನು ಹದಿನಾರನೆಯ ಶತಮಾನದಲ್ಲಿ ‘ಯುಕ್ತಿಭಾಷಾ’ ಎಂಬ ಗ್ರಂಥವನ್ನು ಬರೆದನು. ಸಂಕಲಿತವೆಂಬ ಕೂಡುವಿಕೆಯ ವಿಧಾನವನ್ನು ಕಾರಣಸಹಿತವಾಗಿ ವಿವರಿಸುವ ಆ ಗ್ರಂಥವು ಸಂಸ್ಕೃತದಲ್ಲಿಲ್ಲ, ಮಲಯಾಳದ ಗದ್ಯದಲ್ಲಿದೆ. ನ್ಯೂಟನ್, ಲೈಬ್ನಿಟ್ಸರಿಗಿಂತ ಶತಮಾನಕ್ಕೂ ಹೆಚ್ಚು ಮೊದಲೇ ಅನಂತ ಮೊತ್ತಗಳ ಯುಕ್ತಿಯನ್ನು ದೇಶಭಾಷೆಯೊಂದು ಹೊತ್ತುಕೊಂಡಿತ್ತೆಂದ ಮೇಲೆ, ಕನ್ನಡದ ಮಗುವಿಗೆ ಅದು ಹತ್ತದೆಂಬ ಮಾತು ಕಲಿಸಲಾರದವರ ನೆಪವಲ್ಲದೆ ಬೇರೇನು?

ಹಾಗಾದರೆ ಪರೀಕ್ಷೆಗೆ ಸಿದ್ಧವಾಗುವುದು ಹೇಗೆ? ದಾರಿಯು ಕಠಿಣವೇನಲ್ಲ, ಕ್ರಮವೊಂದು ಬೇಕು. ಅವಕಲನವು ಗಟ್ಟಿಯಾಗುವವರೆಗೆ ಅನುಕಲನವನ್ನು ಮುಟ್ಟಕೂಡದು. ಆದೇಶ ವಿಧಾನವೆಂಬುದು ಸರಪಣಿ ನಿಯಮದ ಹಿಮ್ಮುಖ ನಡೆ; ಭಾಗಶಃ ಅನುಕಲನವು ಗುಣಲಬ್ಧ ನಿಯಮದ ಹಿಮ್ಮುಖ ನಡೆ. ಮುಂದೆ ನಡೆಯಲಾರದವನು ಹಿಂದಕ್ಕೆ ನಡೆಯಬಲ್ಲನೆ? ಎರಡನೆಯದಾಗಿ, ಲೆಕ್ಕವನ್ನು ಕಂಡೊಡನೆ ಕೈಹಾಕದೆ, ಇದಕ್ಕೆ ಯಾವ ವಿಧಾನ, ಏಕೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯುವ ಅಭ್ಯಾಸವಿರಬೇಕು. ಮೂರನೆಯದಾಗಿ, ಬಂದ ಉತ್ತರವನ್ನು ತಪ್ಪದೆ ಅವಕಲಿಸಿ ನೋಡಬೇಕು. ಮೂಲದ ಪದ ಮರಳಿ ಬಂದರೆ ಸರಿ, ಇಲ್ಲದಿದ್ದರೆ ತಪ್ಪು. ಅನಿಶ್ಚಿತ ಅನುಕಲನಕ್ಕಿರುವ ಹಿರಿಮೆಯೇ ಇದು: ಉತ್ತರಪುಸ್ತಕವೂ ಬೇಡ, ಉಪಾಧ್ಯಾಯರೂ ಬೇಡ, ಮಗು ತನ್ನ ಲೆಕ್ಕಕ್ಕೆ ತಾನೇ ಪರೀಕ್ಷಕ. ಅರಿವು ಗುರುವಾಗುವುದೆಂದರೆ ಇದಲ್ಲವೆ? ಸ್ಥಿರಾಂಕವನ್ನು ಬರೆಯಲು ಮರೆತು ಅಂಕ ಕಳೆದುಕೊಳ್ಳುವ ಮಗು ಕೂಡ, ಸ್ಥಿರಾಂಕವನ್ನು ಅವಕಲಿಸಿದರೆ ಸೊನ್ನೆ ಬರುವುದರಿಂದ ಮೂಲದಲ್ಲಿ ಅದೆಷ್ಟಿತ್ತೆಂದು ತಿಳಿಯಲಾಗದು ಎಂಬುದನ್ನು ಒಮ್ಮೆ ಅರಿತರೆ ಮತ್ತೆ ಮರೆಯದು.

೨೦೨೩-೨೪ರಿಂದ ಲಿಖಿತ ಪರೀಕ್ಷೆಗೆ ೮೦, ಆಂತರಿಕ ಮೌಲ್ಯಮಾಪನಕ್ಕೆ ೨೦ ಅಂಕಗಳಾದವು. ೨೦೨೪ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದಿದ್ದವು. ಪರೀಕ್ಷೆ ಎಷ್ಟಾದರೂ ಅರಿವಿಲ್ಲದ ಮಗು ಅಷ್ಟು ಬಾರಿ ಅಂಜೀತು, ಅಷ್ಟೆ.

ಆದುದರಿಂದ ಮಠದ ವಿದ್ಯಾಸಂಸ್ಥೆಗಳ ಆಡಳಿತವರ್ಗದವರಲ್ಲಿ ನಮ್ಮ ಆಗ್ರಹವಿಷ್ಟು. ನಿಮ್ಮ ಅಂಗಳಕ್ಕೆ ಸೂತ್ರವ್ಯಾಪಾರಿಗಳನ್ನು ಕರೆತರಬೇಡಿ. ಪಠ್ಯದಿಂದ ತೆಗೆದುಹಾಕಿದ ಆ ಮೊತ್ತದ ಪಾಠವನ್ನು, ಪರೀಕ್ಷೆಯಲ್ಲಿ ಕೇಳದಿದ್ದರೂ, ಅಧ್ಯಾಯದ ಮೊದಲ ಎರಡು ದಿನ ಕನ್ನಡದಲ್ಲಿ ಕಲಿಸಿ. ಇಂಗ್ಲಿಷ್ ಪದಗಳು ಆಮೇಲೆ ತಾವಾಗಿ ಬರುತ್ತವೆ.

ಶ್ರೀಮಠದ ಹಳೆಯ ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನಿಮ್ಮಲ್ಲಿ ಇಂಜಿನಿಯರುಗಳಿದ್ದೀರಿ, ಉಪನ್ಯಾಸಕರಿದ್ದೀರಿ. ಜಾತ್ರೆಗೆ ಬಂದು ಕಾಣಿಕೆ ಸಲ್ಲಿಸಿ ಹೋಗುವ ನಿಮ್ಮ ಭಕ್ತಿ ದೊಡ್ಡದೇ ಸರಿ. ಆದರೆ ಒಂದು ಕಾಲದಲ್ಲಿ ನೀವು ಉಂಡ ಪಂಕ್ತಿಯಲ್ಲಿಯೇ ಇಂದು ಕುಳಿತಿರುವ ಮಗುವಿಗೆ ಹಣಕ್ಕಿಂತ ನಿಮ್ಮ ತಿಂಗಳ ಎರಡು ಭಾನುವಾರಗಳು ಹೆಚ್ಚು ಬೇಕಾಗಿವೆ. ಅನ್ನದಾಸೋಹ ಎಂದಿನಂತೆ ನಡೆಯುತ್ತಿದೆ. ಅರಿವಿನ ದಾಸೋಹಕ್ಕೆ ಬಡಿಸುವ ಕೈಗಳು ಬೇಕಾಗಿವೆ, ಬನ್ನಿ.