ಮತದಾನಕ್ಕೆ ಮುನ್ನ ಮೊಕದ್ದಮೆ, ಎಣಿಕೆಯ ನಂತರ ನ್ಯಾಯ

ಕಮಲನಗರ: ಚುನಾವಣೆ ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ಪತ್ರಕರ್ತನ ಮೇಲೆ ಹೂಡಿದ ಮೊಕದ್ದಮೆ ವರ್ಷಗಟ್ಟಲೆ ನಡೆಯುತ್ತದೆ. ಅಧಿಕಾರದಲ್ಲಿರುವವರಿಗೆ ಅನುಕೂಲವಾಗಿರುವುದು ಈ ಅಂತರವೇ. ಪ್ರಕರಣ ಕೊನೆಗೆ ನ್ಯಾಯಾಲಯದಲ್ಲಿ ಬಿದ್ದುಹೋದರೂ, ಮತದಾರ ಓದಬೇಕಾಗಿದ್ದ ಸುದ್ದಿ ಅಷ್ಟರಲ್ಲಿ ಹಳತಾಗಿರುತ್ತದೆ.

ಈ ವಿಳಂಬ ಎಷ್ಟು ದೀರ್ಘ ಎಂಬುದನ್ನು ಬೀದರ್ ಜಿಲ್ಲೆ ಕಂಡಿದೆ. 2020ರ ಜನವರಿ 21ರಂದು ಬೀದರ್‌ನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ ಕುರಿತು ನಾಟಕವಾಡಿದರು. ಅದಕ್ಕಾಗಿ ರಾಜದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯ ಶಿಕ್ಷಕಿ ಹಾಗೂ ವಿದ್ಯಾರ್ಥಿನಿಯೊಬ್ಬಳ ತಾಯಿ ಎರಡು ವಾರ ಜೈಲಿನಲ್ಲಿದ್ದರು. ನಾಟಕದ ದೃಶ್ಯಗಳನ್ನು ಫೇಸ್‌ಬುಕ್‌ನಲ್ಲಿ ಹಾಕಿದ ಸ್ಥಳೀಯ ಪತ್ರಕರ್ತರ ಹೆಸರೂ ಎಫ್‌ಐಆರ್‌ನಲ್ಲಿ ಸೇರಿತ್ತು. ಶಾಲೆಯ ಆಡಳಿತ ಮಂಡಳಿಯವರ ವಿರುದ್ಧದ ಪ್ರಕರಣವನ್ನು ಹೈಕೋರ್ಟ್‌ನ ಕಲಬುರಗಿ ಪೀಠ ರದ್ದುಪಡಿಸಿದ್ದು 2023ರ ಜೂನ್‌ನಲ್ಲಿ. ಅಷ್ಟರಲ್ಲಿ ಮೇ 10ರ ವಿಧಾನಸಭೆ ಚುನಾವಣೆ ಮುಗಿದು, ರಾಜ್ಯದಲ್ಲಿ ಸರ್ಕಾರವೇ ಬದಲಾಗಿತ್ತು.

ಇದನ್ನು ಒಂದೇ ಪಕ್ಷದ ತಲೆಗೆ ಕಟ್ಟುವಂತಿಲ್ಲ. ಬೀದರ್ ಪ್ರಕರಣ ದಾಖಲಾದಾಗ ಬಿಜೆಪಿ ಅಧಿಕಾರದಲ್ಲಿತ್ತು. ಅದಕ್ಕೂ ಮುನ್ನ, ಕಾಂಗ್ರೆಸ್ ಆಡಳಿತವಿದ್ದ 2017ರ ಜೂನ್‌ನಲ್ಲಿ, ಶಾಸಕರ ವಿರುದ್ಧದ ಬರಹಗಳಿಗಾಗಿ ರವಿ ಬೆಳಗೆರೆ ಹಾಗೂ ಅನಿಲ್ ರಾಜ್ ಅವರಿಗೆ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತು. ದೂರುದಾರರೂ ಶಾಸಕರೇ, ತೀರ್ಪು ನೀಡಿದವರೂ ಶಾಸಕರೇ. 2019ರ ಮೇ 23ರ ಲೋಕಸಭೆ ಫಲಿತಾಂಶದಲ್ಲಿ ನಿಖಿಲ್ ಕುಮಾರಸ್ವಾಮಿ ಮಂಡ್ಯದಲ್ಲಿ ಸೋತರು. ಆ ಸೋಲಿನ ಬಳಿಕ ಪ್ರಕಟವಾದ ವರದಿಗಾಗಿ 'ವಿಶ್ವವಾಣಿ' ಸಂಪಾದಕ ವಿಶ್ವೇಶ್ವರ ಭಟ್ ಅವರ ಮೇಲೆ ಜೆಡಿಎಸ್ ಕಾನೂನು ಘಟಕದ ಮುಖ್ಯಸ್ಥರ ದೂರಿನಂತೆ ಬೆಂಗಳೂರಿನಲ್ಲಿ ಎಫ್‌ಐಆರ್ ದಾಖಲಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ನಿಖಿಲ್ ಅವರ ತಂದೆ ಎಚ್.ಡಿ. ಕುಮಾರಸ್ವಾಮಿ.

ಇತ್ತೀಚಿನ ವರ್ಷಗಳಲ್ಲಿ ಪೊಲೀಸ್ ಠಾಣೆಯ ಅಗತ್ಯವೂ ಕಡಿಮೆಯಾಗಿದೆ. 2024ರ ಲೋಕಸಭೆ ಚುನಾವಣೆಯ ಹೊಸ್ತಿಲಲ್ಲಿ 'ಬೋಲ್ತಾ ಹಿಂದೂಸ್ತಾನ್' ಎಂಬ ಸುದ್ದಿವಾಹಿನಿಯನ್ನು ಯೂಟ್ಯೂಬ್ ಸರ್ಕಾರದ ಸೂಚನೆಯಂತೆ ಸ್ಥಗಿತಗೊಳಿಸಿತು. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ 2009ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ ಇಂಥ ನಿರ್ಬಂಧದ ದೂರು ಮತ್ತು ಕ್ರಮಗಳನ್ನು ಗೋಪ್ಯವಾಗಿಡಬೇಕು. 1975ರ ತುರ್ತುಪರಿಸ್ಥಿತಿಯಲ್ಲಿ ತನ್ನ ಯಾವ ಸಾಲಿಗೆ ಕತ್ತರಿ ಬಿತ್ತೆಂಬುದಾದರೂ ಸಂಪಾದಕನಿಗೆ ತಿಳಿಯುತ್ತಿತ್ತು. ಈಗ ಅದೂ ಖಾತ್ರಿಯಿಲ್ಲ. ಕೇಂದ್ರದ 'ಸಹಯೋಗ್' ಪೋರ್ಟಲ್ ಮೂಲಕ ಹೊರಡುವ ತೆಗೆದುಹಾಕುವ ಸೂಚನೆಗಳನ್ನು ಪ್ರಶ್ನಿಸಿದ್ದ ಎಕ್ಸ್ ಸಂಸ್ಥೆಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾಗೊಳಿಸಿತು.

ಚುನಾವಣೆಯಲ್ಲಿ ಸುಳ್ಳು ಸುದ್ದಿಯ ಹಾವಳಿ ಹೆಚ್ಚು ಎಂಬ ಸರ್ಕಾರಗಳ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಕಾಸಿಗಾಗಿ ಸುದ್ದಿ ಬರೆದವರೂ ಇದ್ದಾರೆ. ಆದರೆ ಸುಳ್ಳು ಯಾವುದೆಂದು ತೀರ್ಮಾನಿಸುವ ಅಧಿಕಾರ ಆ ಸುದ್ದಿಯಿಂದ ಪೆಟ್ಟು ತಿನ್ನುವವರ ಕೈಯಲ್ಲೇ ಇದ್ದರೆ, ಕಹಿಸತ್ಯವೂ ಸುಳ್ಳಿನ ಪಟ್ಟಿಗೆ ಸೇರಲು ತಡವಾಗದು. ರಾಜದ್ರೋಹದ ಕಲಂ ಬಳಕೆಯನ್ನು ಸುಪ್ರೀಂ ಕೋರ್ಟ್ 2022ರ ಮೇ 11ರಂದು ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂನಲ್ಲಿ ಅದು ಹೊಸ ಹೆಸರಿನಿಂದ ಮರಳಿದೆ ಎಂಬುದು ಟೀಕಾಕಾರರ ಆಕ್ಷೇಪ.

ಇದರ ಭಾರ ಹೆಚ್ಚು ಬೀಳುವುದು ಗಡಿ ತಾಲ್ಲೂಕುಗಳ ವರದಿಗಾರರ ಮೇಲೆ. ರಾಜಧಾನಿಯ ಸಂಪಾದಕನಿಗೆ ವಕೀಲರಿದ್ದಾರೆ, ಬೆನ್ನಿಗೆ ಸಂಸ್ಥೆಯಿದೆ. ಕಮಲನಗರ, ಔರಾದ್, ಭಾಲ್ಕಿಯಂಥ ಊರುಗಳಲ್ಲಿ ಅಲ್ಪ ಗೌರವಧನಕ್ಕೆ ದುಡಿಯುವ ಅರೆಕಾಲಿಕ ವರದಿಗಾರನಿಗೆ ಜಿಲ್ಲಾ ನ್ಯಾಯಾಲಯವಿರುವುದು ಬೀದರ್‌ನಲ್ಲಿ, ಹೈಕೋರ್ಟ್ ಪೀಠವಿರುವುದು ಕಲಬುರಗಿಯಲ್ಲಿ. ಒಂದು ನೋಟಿಸ್ ಬಂದರೆ ಸಾಕು, ಮುಂದಿನ ವರದಿಯನ್ನು ಆತನೇ ಕೈಬಿಡುತ್ತಾನೆ. ಕೈಬಿಟ್ಟ ಸುದ್ದಿಗೆ ಯಾವ ಠಾಣೆಯಲ್ಲೂ ದಾಖಲೆ ಇರದು.

ಬೇಕಿರುವುದು ವಿಶೇಷ ರಿಯಾಯಿತಿಯಲ್ಲ. ನೀತಿ ಸಂಹಿತೆ ಜಾರಿಯಲ್ಲಿರುವ ಅವಧಿಯಲ್ಲಿ ಸುದ್ದಿಯ ವಿರುದ್ಧ ಕೈಗೊಳ್ಳುವ ಪ್ರತಿ ಕ್ರಮಕ್ಕೂ ಲಿಖಿತ ಕಾರಣ ನೀಡಬೇಕು, ಅದರ ಪ್ರತಿ ಪತ್ರಕರ್ತನಿಗೆ ತಲುಪಬೇಕು, ಮತದಾನಕ್ಕೆ ಮುನ್ನವೇ ನ್ಯಾಯಾಧೀಶರ ಮುಂದೆ ವಿಚಾರಣೆ ನಡೆಯಬೇಕು. ಆಗ ಸುದ್ದಿ ಸುಳ್ಳಾದರೆ ಮತದಾರನಿಗೆ ಅದು ಸಕಾಲದಲ್ಲಿ ತಿಳಿಯುತ್ತದೆ. ನಿಜವಾದರೆ ಅದೂ ತಿಳಿಯುತ್ತದೆ.