ಕಂಪ್ಯೂಟರಿಗೂ ಬೇಕು ಗಾಳಿ, ಗವಾಕ್ಷಿ

ಸೋದರಿಯರೇ, ಒಗ್ಗರಣೆಯ ಹೊಗೆ ತುಂಬಿದರೆ ನಾವೇನು ಮಾಡುತ್ತೇವೆ? ಎದುರಿನ ಕಿಟಕಿ ತೆರೆದು ಗವಾಕ್ಷಿಯ ಫ್ಯಾನು ಹಾಕುತ್ತೇವೆ. ತಂಪು ಗಾಳಿ ಒಂದು ಕಡೆಯಿಂದ ಒಳಕ್ಕೆ, ಬಿಸಿ ಗಾಳಿ ಇನ್ನೊಂದು ಕಡೆಯಿಂದ ಹೊರಕ್ಕೆ. ಇಷ್ಟು ತಿಳಿದವರಿಗೆ ಕಂಪ್ಯೂಟರಿನ ಪೆಟ್ಟಿಗೆಯೂ ಅರ್ಥವಾಗುತ್ತದೆ.

ನನ್ನ ಮಗಳು ಮನೆಯಲ್ಲೇ ಕೂತು ಮದುವೆಯ ವಿಡಿಯೋ ಜೋಡಿಸಿಕೊಡುತ್ತಾಳೆ. ಬಿಡಿಭಾಗ ತರಿಸಿ ಕಂಪ್ಯೂಟರನ್ನೂ ತಾನೇ ಜೋಡಿಸಿಕೊಂಡವಳು. ಕಳೆದ ಏಪ್ರಿಲ್ ಬಿಸಿಲಿನಲ್ಲಿ ಅದು ಕೆಲಸದ ನಡುವೆಯೇ ಆರಿಹೋಗತೊಡಗಿತು. ಒಂದು ಮದುವೆಯ ಕೆಲಸ ಕೈತಪ್ಪಿತು. ರಿಪೇರಿಯವರೊಬ್ಬರು ಮುಚ್ಚಳವನ್ನೂ ತೆಗೆಯದೆ, "ಒಳಗಿನ ಚಿಪ್ ಹೋಗಿದೆ, ಹೊಸದೇ ಹಾಕಬೇಕು" ಅಂದುಬಿಟ್ಟರು. ಹುಡುಗಿಯ ಕಣ್ಣಲ್ಲಿ ನೀರು.

"ಇರು, ಮೊದಲು ನಾವೇ ನೋಡೋಣ" ಅಂದೆ. ಪೆಟ್ಟಿಗೆಯ ಬೆನ್ನು ಗೋಡೆಗೆ ಅಂಟಿಕೊಂಡಿತ್ತು. ಮುಂದಕ್ಕೆ ಎಳೆದು, ಹಿಂದಿನ ಫ್ಯಾನಿಗೆ ಕಾಗದದ ಚೂರು ಹಿಡಿದೆ. ಹೊರಕ್ಕೆ ಹಾರಬೇಕಾದದ್ದು ಜಾಲರಿಗೇ ಅಂಟಿಕೊಂಡಿತು! ಫ್ಯಾನನ್ನು ತಿರುಗುಮುರುಗಾಗಿ ಕೂರಿಸಿದ್ದಳು. ಮುಂದಿನ ಫ್ಯಾನಿನ ವೈರಂತೂ ಕಳಚಿ ನೇತಾಡುತ್ತಿತ್ತು.

ನಿಮ್ಮ ಮನೆಯಲ್ಲೂ ಮಕ್ಕಳು ಜೋಡಿಸಿದ ಕಂಪ್ಯೂಟರ್ ಇದ್ದರೆ ಇಷ್ಟು ನೋಡಿಕೊಳ್ಳಿ. ಮುಚ್ಚಳ ತೆಗೆಯುವ ಮೊದಲು ಸ್ವಿಚ್ಚು ಆರಿಸಿ, ಪ್ಲಗ್ ಕೀಳುವುದನ್ನು ಮರೆಯಬೇಡಿ.

ದಿಕ್ಕು: ಫ್ಯಾನಿನ ಒಂದು ಮುಖದಲ್ಲಿ ಮೋಟಾರು ಹಿಡಿದ ಕಡ್ಡಿಗಳಿರುತ್ತವೆ. ಸಾಮಾನ್ಯವಾಗಿ ಗಾಳಿ ಹೊರಬರುವುದು ಆ ಕಡೆಯಿಂದ. ಮುಂದಿನ ಫ್ಯಾನು ಒಳಕ್ಕೆ ಎಳೆಯಲಿ, ಹಿಂದಿನದೂ ಮೇಲಿನದೂ ಹೊರಕ್ಕೆ ತಳ್ಳಲಿ.

ವೈರು: ಫ್ಯಾನಿನ ವೈರಿನ ತುದಿಯಲ್ಲಿ 3 ಅಥವಾ 4 ತೂತು. ಎರಡು 12 ವೋಲ್ಟ್ ವಿದ್ಯುತ್ತಿಗೆ, ಮೂರನೆಯದು ಎಷ್ಟು ಸುತ್ತು ತಿರುಗುತ್ತಿದೆಯೆಂದು ವರದಿ ಒಪ್ಪಿಸಲು, ನಾಲ್ಕನೆಯದು ವೇಗದ ಅಪ್ಪಣೆ ಹೊರಲು. 3 ತೂತಿನದೂ 4 ಕಡ್ಡಿಯ ಜಾಗದಲ್ಲಿ ಕೂರುತ್ತದೆ. ಪಕ್ಕದ ಪಟ್ಟಿ ನೋಡಿ ಕೂರಿಸಿ, ಒತ್ತಾಯ ಬೇಡ. 'ಸಿಪಿಯು ಫ್ಯಾನ್' ಎಂದು ಬರೆದ ಜಾಗ ಚಿಪ್ಪಿನ ಮೇಲಿನ ಫ್ಯಾನಿಗೇ ಮೀಸಲು. ಪೆಟ್ಟಿಗೆಯ ಫ್ಯಾನುಗಳಿಗೆ ಬೇರೆ ಜಾಗಗಳುಂಟು. ಒಂದೊಂದು ಜಾಗ ಸಾಮಾನ್ಯವಾಗಿ ತಾಳುವುದು 1 ಆಂಪಿಯರ್. ಒಂದೇ ಕಡೆ ಎರಡು ಮೂರು ಸಿಕ್ಕಿಸುವುದಾದರೆ ಫ್ಯಾನಿನ ಮೇಲೆ ಬರೆದ ಆಂಪಿಯರ್ ಕೂಡಿ ನೋಡಿ.

ವೇಗ: ಕಂಪ್ಯೂಟರ್ ಹಾಕಿದೊಡನೆ ಡಿಲೀಟ್ ಕೀಲಿ ಒತ್ತುತ್ತಿದ್ದರೆ ಹೆಚ್ಚಿನವುಗಳಲ್ಲಿ ಬಯಾಸ್ ಪುಟ ತೆರೆಯುತ್ತದೆ. ಅಲ್ಲಿ 3 ತೂತಿನ ಫ್ಯಾನಿಗೆ 'ಡಿಸಿ', 4 ತೂತಿನದಕ್ಕೆ 'ಪಿಡಬ್ಲ್ಯುಎಂ' ಆರಿಸಿ. ಇದು ಅದಲುಬದಲಾದರೆ 3 ತೂತಿನದು ಸದಾ ಪೂರ್ತಿ ವೇಗದಲ್ಲಿ ಭೋರ್ಗರೆಯುತ್ತದೆ. ನಮ್ಮನೆಯ ಲೆಕ್ಕ: 40 ಡಿಗ್ರಿ ಬಿಸಿಗೆ ಶೇಕಡ 40 ವೇಗ, 60ಕ್ಕೆ 60, 75ಕ್ಕೆ ಪೂರ್ತಿ. ವೇಗ ತೀರಾ ಇಳಿಸಿದರೆ ಕೆಲವು ಫ್ಯಾನು ನಿಂತೇಹೋಗುತ್ತವೆ, ಎಚ್ಚರ.

ಧೂಳು: ತಿಂಗಳಿಗೊಮ್ಮೆ ಮುಂದಿನ ಜಾಲರಿಯನ್ನು ಮೆತ್ತನೆಯ ಬ್ರಷ್ಷಿನಿಂದ ಒರೆಸಿ. ಗಾಳಿ ಊದಿ ಶುಚಿ ಮಾಡುವಾಗ ರೆಕ್ಕೆಗಳನ್ನು ಬೆರಳಲ್ಲಿ ಹಿಡಿದುಕೊಳ್ಳಿ, ರಭಸಕ್ಕೆ ಗಿರ್ರನೆ ಸುತ್ತಬಾರದು.

ನಮಗೆ ಒಂದು ಕಾಸೂ ಖರ್ಚಾಗಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಅರ್ಧ ಗಂಟೆಯ ಕೆಲಸ, ಅಷ್ಟೆ. ಮೇ ತಿಂಗಳಿಡೀ ಕಂಪ್ಯೂಟರ್ ಒಮ್ಮೆಯೂ ಆರಲಿಲ್ಲ. ರಾತ್ರಿ ಅವಳು ಕೆಲಸ ಮಾಡುತ್ತಿದ್ದರೂ ಪಕ್ಕದ ಕೋಣೆಯಲ್ಲಿ ನಮ್ಮತ್ತೆಯವರಿಗೆ ಒಳ್ಳೇ ನಿದ್ದೆ.

ಹೊಸ ಚಿಪ್ಪಿಗೆ ದುಡ್ಡು ಎಣಿಸುವ ಮೊದಲು ನೀವೂ ಒಂದು ಕಾಗದದ ಚೂರು ಹಿಡಿದು ನೋಡಿ.