ಶೇಂಗಾ ಚಟ್ನಿಗೆ ರೇಟ್ ಹಚ್ಚೂದು

ಕಿಲೋ ಶೇಂಗಾಕ್ಕ ಎಷ್ಟು ಬಿತ್ತೋ ಅದರ ಮ್ಯಾಲೆ 20 ರೂಪಾಯಿ ಇಟ್ಟು ಚಟ್ನಿ ಮಾರತಾರ ಭಾಳ ಮಂದಿ. ನನಗಂತೂ ಸರಿ ಅನಸೂದಿಲ್ಲ. ಹುರದು, ಸಿಪ್ಪಿ ಕೇರಿ, ಕರಕಾಗಿದ್ದು ಆರಿಸಿ ತಗದ್ರ ಕಿಲೋಕ್ಕ ಕಿಲೋ ಎಲ್ಲಿ ಉಳೀತದರಿ? ಬಳ್ಳೊಳ್ಳಿ, ಖಾರಪುಡಿ, ಗ್ಯಾಸು, ಪಾಕೀಟು ಬ್ಯಾರೆ. ಕುಟ್ಟಿದ ರಟ್ಟಿ ಲೆಕ್ಕ ಯಾರೂ ಹಿಡಿಯೂದಽ ಇಲ್ಲ! ಹೊಲಕ್ಕ ಬಂದಾಕಿಗೆ ದಿನಗೂಲಿ ಕೊಡ್ತೀವಲ್ಲ, ಹಂಗಽ ನಮ್ಮ ತಾಸಿಗೂ ಇಷ್ಟು ಅಂತ ಹಿಡೀಬೇಕು.

“ನನಗೇನವಾ, ಹೊತ್ತು ಹೋದ್ರ ಸಾಕು” ಅಂತೀರಿ, ಖರೆ. ಆದ್ರ ಹೊತ್ತು ಕಳೀಲಿಕ್ಕೆ ಮಾಡಾಕಿ ಕಡಿಮಿಗೆ ಕೊಟ್ರ, ಅದಽ ಓಣ್ಯಾಗ ಚಟ್ನಿ ಮಾರಿ ಮಕ್ಕಳ ಫೀ ಕಟ್ಟಾಕಿಗೆ ಗಿರಾಕಿ ತಪ್ತಾರ. ಬಳಗದವ್ರಿಗೆ ಪ್ರೀತಿಲೆ ಒಂದು ಡಬ್ಬಿ ಸುಮ್ಮನಽ ಕೊಡ್ರಿ. ರೊಕ್ಕಾ ತಗೊಂಡ್ರ ಮಾತ್ರ ಎಲ್ಲಾರಿಗೂ ಒಂದಽ ರೇಟು.